ಮೂರು ಬೆರಳು ಮಣ್ಣು

— ಸೂರ್ಯಕಾಂತಿ ಹಾಕಿದ್ರೆ ಮಣ್ಣಿನಲ್ಲಿರೋ ವಿಕಿರಣವನ್ನೆಲ್ಲ ಹೀರ್ಕೊಂಡುಬಿಡ್ತದೆ ಅಂತ ಪೇಪರಿನಲ್ಲಿ ಓದಿದ್ದೆ. ನೀನು ಜಪಾನಿಗೇ ಹೋಗಿ ಮಣ್ಣಿನ ವಿಷಯ ಓದಿದವಳು. ನಿಜವೇನವ್ವ ಅದು?

— ನಿಜ ಆಗಿದ್ದಿದ್ರೆ ಎಷ್ಟೋ ಕೆಲಸ ತಪ್ತಿತ್ತು ದೊಡ್ಡಪ್ಪ. 2011ರ ಮಾರ್ಚಿನಲ್ಲಿ ಫುಕುಶಿಮಾ ಅಣುಸ್ಥಾವರ ಕೆಟ್ಟಿತಲ್ಲ, ಆ ಬೇಸಿಗೆಯಲ್ಲಿ ಅಲ್ಲಿನ ದೇವಸ್ಥಾನದವರು, ಸಂಘಸಂಸ್ಥೆಯವರು ಎಲ್ಲರೂ ಸೂರ್ಯಕಾಂತಿ ಬೀಜ ಹಂಚಿದ್ರು. ನೋಡೋಕೆ ಚೆಂದ, ಮನಸ್ಸಿಗೂ ಸಮಾಧಾನ. ಸರ್ಕಾರದ ಕೃಷಿ ಇಲಾಖೆಯವರೂ ಇಟಾಟೆ ಅನ್ನೋ ಹಳ್ಳಿಯಲ್ಲಿ ಬೆಳೆದು, ಗಿಡ ಕಿತ್ತು ಅಳೆದು ನೋಡಿದ್ರು. ಮಣ್ಣಿನಲ್ಲಿದ್ದ ವಿಕಿರಣ ವಸ್ತು ಸೀಸಿಯಂ, ಅದರಲ್ಲಿ ಗಿಡಕ್ಕೆ ಬಂದಿದ್ದು 2,000ದಲ್ಲಿ ಒಂದು ಪಾಲು.

— ಎರಡು ಸಾವಿರ ಬೆಳೆ ತೆಗೀಬೇಕು ಹಾಗಾದ್ರೆ.

— ಅಷ್ಟು ಹೊತ್ತಿಗೆ ಅದು ತಾನಾಗೇ ಹೋಗಿರುತ್ತೆ. ಸೀಸಿಯಂ-137 ಮೂವತ್ತು ವರ್ಷಕ್ಕೆ ಅರ್ಧ ಆಗುತ್ತೆ, ಇನ್ನೊಂದು ಮೂವತ್ತಕ್ಕೆ ಕಾಲು.

— ಮತ್ತೆ ಪೇಪರಿನವರು ಸುಮ್ಮನೆ ಬರೀತಾರಾ?

— ಪೂರ್ತಿ ಸುಳ್ಳೂ ಅಲ್ಲ. ಚೆರ್ನೋಬಿಲ್ ಹತ್ತಿರ ಒಂದು ಹೊಂಡದಲ್ಲಿ ತೆಪ್ಪ ಕಟ್ಟಿ, ಅದರ ಮೇಲೆ ಸೂರ್ಯಕಾಂತಿ ಬೆಳೆಸಿದ್ರು. ಬೇರು ನೀರಿನಲ್ಲಿ ಇಳಿಬಿದ್ದಿತ್ತು. ನೀರಿನಲ್ಲಿದ್ದ ಸೀಸಿಯಂ, ಸ್ಟ್ರಾನ್ಷಿಯಂ ಎರಡನ್ನೂ ಬೇರು ಚೆನ್ನಾಗಿಯೇ ಎಳ್ಕೊಂಡಿತು. ಅಲ್ಲಿ ಬೇರಿಗೆ ಪೈಪೋಟಿ ಕೊಡೋರು ಯಾರೂ ಇರಲಿಲ್ಲ. ಗದ್ದೆಯಲ್ಲಿ ಇದ್ದಾರೆ.

— ಯಾರು?

— ನಿಮ್ಮ ಜೇಡಿ.

— ಜೇಡಿ ಏನು ಮಾಡ್ತದೆ?

— ಹಿಡಿದ್ರೆ ಬಿಡಲ್ಲ. ಸೀಸಿಯಂ ಅನ್ನೋದು ಲೋಹ, ಅಂಗೈ ಬಿಸಿಗೆ ಕರಗೋವಷ್ಟು ಮೆತ್ತನೆ ಲೋಹ. ಆದರೆ ಮಳೆಯ ಜೊತೆ ನೆಲಕ್ಕೆ ಬೀಳೋವಾಗ ಅದು ಲೋಹದ ಚೂರಾಗಿ ಬೀಳಲ್ಲ, ನೀರಿನಲ್ಲಿ ಕರಗಿದ ಉಪ್ಪಿನ ಥರ ಬರುತ್ತೆ. ಪೊಟ್ಯಾಷಿಯಂ ಇದೆಯಲ್ಲ, ನೀವು ಪೊಟ್ಯಾಷ್ ಅಂತ ಚೀಲದಲ್ಲಿ ತರ್ತೀರಲ್ಲ, ಅದರ ಕುಲದ್ದೇ. ಕಾಗೆಬಂಗಾರ ಪದರ ಪದರವಾಗಿ ಬಿಡಿಸ್ಕೊಳ್ಳುತ್ತಲ್ಲ, ಆ ಪದರಗಳ ನಡುವೆ ಕೂತಿರೋದು ಪೊಟ್ಯಾಷಿಯಂ. ಕಲ್ಲು ಸವೆದು ಜೇಡಿಯಾಗೋವಾಗ ಪದರದ ಅಂಚು ಸ್ವಲ್ಪ ಬಾಯಿ ಬಿಡುತ್ತೆ. ಸೀಸಿಯಂ ತನ್ನ ಸುತ್ತಲಿನ ನೀರು ಕಳಚಿ ಆ ಬಾಯೊಳಗೆ ನುಗ್ಗುತ್ತೆ, ಪದರ ಮುಚ್ಚಿಕೊಳ್ಳುತ್ತೆ. ಆಮೇಲೆ ಗಿಡದ ಬೇರು ಎಳೆದ್ರೂ ಸುಲಭಕ್ಕೆ ಬರಲ್ಲ. ಫುಕುಶಿಮಾದಲ್ಲಿ ಆ ಕಡೆಯ ಬಹಳಷ್ಟು ಬೆಟ್ಟ ಗ್ರಾನೈಟಿನದು, ಅದು ಸವೆದ ಮಣ್ಣಿನಲ್ಲಿ ಇಂಥ ಕಾಗೆಬಂಗಾರದ ಚೂರು ಬೇಕಾದಷ್ಟು. ಅದಕ್ಕೇ ಸೀಸಿಯಂ ಕೆಳಗೆ ಇಳೀಲಿಲ್ಲ. ಉಳದೆ ಬಿಟ್ಟ ಗದ್ದೆಯಲ್ಲಿ ಬಹುಪಾಲು ಮೇಲಿನ 5 ಸೆಂಟಿಮೀಟರಿನಲ್ಲೇ ಕೂತಿತ್ತು.

— ಮೂರು ಬೆರಳಷ್ಟು.

— ಅಷ್ಟೇ. ಆ ಮೂರು ಬೆರಳು ಮಣ್ಣನ್ನ ಕೆರೆದು ಚೀಲಕ್ಕೆ ತುಂಬಿದ್ದೇ ಜಪಾನಿನ ಶುದ್ಧೀಕರಣ. ಹೆಸರಿಗೆ ದೊಡ್ಡ ತಂತ್ರಜ್ಞಾನ, ಕೆಲಸ ಮಾತ್ರ ಜೆಸಿಬಿ, ಸಲಿಕೆ, ಪೊರಕೆಯದು. ಮೊದಲು ಹುಲ್ಲು ಕೊಯ್ತಾರೆ. ಆಮೇಲೆ ಹಲ್ಲಿಲ್ಲದ ಬಕೆಟ್ ಹಾಕಿದ ಯಂತ್ರ ತರ್ತಾರೆ, ಹಲ್ಲಿದ್ರೆ ಮೇಲಿನದು ಕೆಳಗಿನದು ಬೆರೆತುಹೋಗುತ್ತೆ. ಬದುಗಳ ಮೇಲೆ ಯಂತ್ರ ನಡೆಯಲ್ಲ, ಅಲ್ಲಿ ಜನ ಸಾಲಾಗಿ ಕೂತು ಕೈಯಲ್ಲೇ ಕೆರೀತಾರೆ. ಮನೆ ಹೆಂಚನ್ನ ಕಾಗದದ ಒರಸಿನಲ್ಲಿ ಒಂದೊಂದಾಗಿ ಒರಸ್ತಾರೆ, ಆ ಒರಸೂ ಚೀಲಕ್ಕೆ.

— ಎಕರೆಗೆ ಎಷ್ಟು ಮಣ್ಣು ಬರ್ತದೆ ಹಾಗೆ ಕೆರೆದ್ರೆ?

— 200 ಘನ ಮೀಟರ್. ಒಂದು ಚೀಲಕ್ಕೆ ಒಂದು ಘನ ಮೀಟರ್ ಹಿಡಿಯುತ್ತೆ. ಕಪ್ಪು ಚೀಲ, ನನ್ನ ಎದೆಮಟ್ಟ ಬರುತ್ತೆ. ಗದ್ದೆಯ ಮೂಲೆಯಲ್ಲೇ ಒಂದರ ಮೇಲೊಂದು ಪೇರಿಸಿಡ್ತಿದ್ರು. ಹೊರಗಿನ ಸಾಲಿಗೆ ಮಾತ್ರ ಒಳ್ಳೆ ಮಣ್ಣು ತುಂಬಿದ ಚೀಲ, ಒಳಗಿನ ಚೀಲಗಳ ಕಿರಣ ತಡೆಯೋಕೆ. ಮೇಲೆ ಹಸಿರು ಹೊದಿಕೆ, ಅದರಿಂದ ಗಾಳಿ ಹೋಗೋಕೆ ಎದ್ದು ನಿಂತ ಕೊಳವೆಗಳು, ಯಾಕಂದ್ರೆ ಒಳಗೆ ಹುಲ್ಲು ಕೊಳೀತಾ ಇರುತ್ತೆ. ಚೀಲದ ಬಾಳಿಕೆ ಮೂರರಿಂದ ಐದು ವರ್ಷ ಅಂತ. ಸಾಗಿಸೋದು ತಡವಾಯ್ತು, ಕೆಲವು ಕಡೆ ಹೊಲಿಗೆಯ ಸಂದಿನಿಂದ ಹುಲ್ಲು ಮೊಳೆತು ಹೊರಗೆ ಬಂದಿತ್ತು.

— ಫಲವತ್ತು ಮಣ್ಣಲ್ಲವೇನವ್ವ, ಚೀಲದಲ್ಲಿಟ್ರೂ ಬೆಳೀತದೆ.

— ಒಟ್ಟು ಎಷ್ಟು ಮಣ್ಣು ಅಂತ ಕೇಳಿ. 1.4 ಕೋಟಿ ಘನ ಮೀಟರ್.

— ಟ್ರ್ಯಾಕ್ಟರ್ ಟ್ರೈಲರಿಗೆ ಮೂರು ಘನ ಮೀಟರ್ ಹಿಡೀತದೆ ಅಂದ್ಕೊಂಡ್ರೂ ನಲವತ್ತಾರು, ನಲವತ್ತೇಳು ಲಕ್ಷ ಲೋಡು! ಅಷ್ಟರೊಳಗೆ ಆ ಸೀಸಿಯಂ ಎಷ್ಟು ಟನ್ ಇರ್ಬೋದು?

— ಟನ್ ಮಾತು ಬಿಡಿ. ಒಂದು ಗ್ರಾಂ ಸೀಸಿಯಂ-137 ಇಟ್ಕೊಂಡ್ರೆ ಅದರಲ್ಲಿ ಸೆಕೆಂಡಿಗೆ ಮೂರು ಲಕ್ಷ ಕೋಟಿಗೂ ಹೆಚ್ಚು ಪರಮಾಣು ಸಿಡೀತಿರುತ್ತವೆ. ಸೆಕೆಂಡಿಗೆ ಒಂದು ಸಿಡಿದ್ರೆ ಒಂದು ಬೆಕೆರೆಲ್. ಈ ಲೆಕ್ಕ ಇಟ್ಕೊಂಡು ಹಿಂದಕ್ಕೆ ಹೋದ್ರೆ, ಸ್ಥಾವರದಿಂದ ಗಾಳಿಗೆ ಹೋದದ್ದೇ ಕೆಲವು ಕಿಲೋ. ಅದರಲ್ಲೂ ಹೆಚ್ಚಿನದು ಸಮುದ್ರದ ಕಡೆ ಹೋಯಿತು. ಜಪಾನಿನ ನೆಲದ ಮೇಲೆ ಬಿದ್ದದ್ದು ಒಂದು ಕಿಲೋ ಆಸುಪಾಸು.

— ಒಂದು ಕಿಲೋಗೆ ನಲವತ್ತಾರು ಲಕ್ಷ ಲೋಡು ಮಣ್ಣು?

— ಆ ಒಂದು ಕಿಲೋದಲ್ಲೂ ಬಹಳಷ್ಟು ಕಾಡಿನಲ್ಲಿದೆ. ಫುಕುಶಿಮಾ ಪ್ರಾಂತ್ಯದ ನೂರಕ್ಕೆ ಎಪ್ಪತ್ತು ಭಾಗ ಕಾಡು. ಮನೆಯಿಂದ 20 ಮೀಟರ್ ಒಳಗೆ ಬರೋ ಕಾಡಂಚಿನಲ್ಲಿ ತರಗೆಲೆ ಗುಡಿಸಿದ್ರು, ಅದರಾಚೆಗೆ ಕೈ ಹಾಕಲಿಲ್ಲ. ಹಾಕೋದಕ್ಕೆ ಆಗೋ ಮಾತೂ ಅಲ್ಲ. ಮೇಲ್ಪದರ ತೆಗೆದ್ರೆ ಬೆಟ್ಟವೇ ಮಳೆಗೆ ಕೊಚ್ಚಿ ಬರುತ್ತೆ. ಕಾಡಿನ ಅಣಬೆ ಈಗಲೂ ಮಿತಿ ಮೀರೋದುಂಟು.

— ಹಂಗಾದ್ರೆ ಮಣ್ಣು ತೊಳೆದು ಆ ಒಂದು ಚಿಟಿಕೆ ಮಾತ್ರ ಬೇರೆ ಮಾಡೋಕೆ ಬರಲ್ವಾ? ಚಂದ್ರನಿಗೆ ಹೋಗೋರು ಇಷ್ಟು ಮಾಡಲಾರರಾ?

— ಮಾಡಿ ನೋಡಿದ್ರು. ಗದ್ದೆಗೆ ನೀರು ಕಟ್ಟಿ, ನಾಟಿಗೆ ಮುಂಚೆ ನೀವು ಕೆಸರು ಹೊಡೀತೀರಲ್ಲ, ಹಾಗೇ ಕಲಕಿ, ಆ ಕದಡಿದ ನೀರನ್ನ ಮಾತ್ರ ಹೊರಗೆ ಬಿಟ್ಟು ನೋಡಿದ್ರು. ಮರಳು ತಳದಲ್ಲಿ ನಿಲ್ಲುತ್ತೆ, ನುಣುಪು ಕಣ ನೀರಿನ ಜೊತೆ ಹೋಗುತ್ತೆ, ಸೀಸಿಯಂ ಇರೋದು ನುಣುಪಿನಲ್ಲೇ. ನೂರಕ್ಕೆ 36ರಷ್ಟು ಕಮ್ಮಿಯಾಯಿತು.

— ನುಣುಪೆಲ್ಲ ಹೋದ ಮೇಲೆ ಗದ್ದೆಯಲ್ಲಿ ಉಳಿಯೋದೇನು? ನಾವು ಬೇಸಿಗೆಯಲ್ಲಿ ಕೆರೆ ಗೋಡು ಹೊಡೆಸ್ತೀವಿ, ಲೋಡಿಗೆ ದುಡ್ಡು ಕೊಟ್ಟು. ಯಾಕೆ? ಅದೇ ನುಣುಪಿಗೆ. ನೀರು ಹಿಡಿಯೋದು ಅದು, ಗೊಬ್ಬರ ಹಿಡಿಯೋದು ಅದು. ಅವರು ಅದನ್ನ ತೆಗೆದು ಹೊರಗೆ ಬಿಟ್ರಾ?

— ಅದೇ ಗೋಳು ದೊಡ್ಡಪ್ಪ. ಪೊಟ್ಯಾಷನ್ನ ಬೆಳೆಗಾಗಿ ಹಿಡಿದಿಡೋ ಕಣವೇ ಸೀಸಿಯಂ ಹಿಡಿದಿಡೋದು. ಸೀಸಿಯಂ ತೆಗೀಬೇಕು ಅಂದ್ರೆ ಮಣ್ಣಿನ ಸತ್ವವೇ ಹೋಗಬೇಕು. ಆಮ್ಲ ಹಾಕಿ ಬಿಸಿ ಮಾಡಿದ್ರೆ ಸೀಸಿಯಂ ಬಿಡುತ್ತೆ, ಕುಲುಮೆಯಲ್ಲಿ ಸುಟ್ರೂ ಆವಿಯಾಗಿ ಹೋಗುತ್ತೆ. ಎರಡರಲ್ಲೂ ಕೊನೆಗೆ ಉಳಿಯೋದು ಮಣ್ಣಲ್ಲ, ಕಸರು. ಗದ್ದೆಯಲ್ಲಿ ಮಾಡೋ ಕೆಲಸವಲ್ಲ ಅದು.

— ಮೂರು ಬೆರಳು ಕೆರೆದ ಜಾಗಕ್ಕೆ ಏನು ಹಾಕಿದ್ರು?

— ಬೆಟ್ಟ ಕಡಿದು ತಂದ ಮಣ್ಣು. ಗ್ರಾನೈಟ್ ಪುಡಿ.

— ಅದರಲ್ಲಿ ಏನು ಬೆಳೀತದೆ! ಮೂರು ಬೆರಳು ಮೇಲ್ಮಣ್ಣು ಅಂದ್ರೆ ಅಜ್ಜ, ಮುತ್ತಜ್ಜ ಹಾಕಿದ ಕೊಟ್ಟಿಗೆ ಗೊಬ್ಬರ ಕಣವ್ವ ಅದು. ನಾನು ಆ ಜಾಗದಲ್ಲಿದ್ದಿದ್ರೆ ಕೆರೆಯೋಕೇ ಬಿಡ್ತಿರಲಿಲ್ಲ.

— ಹಾಗೆ ಹೇಳಿದವರು ಅಲ್ಲೂ ಇದ್ರು. ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಮಸಾರು ಮಿಜೊಗುಚಿ ಅಂತ ಮಣ್ಣಿನ ವಿಜ್ಞಾನಿ, ಇಟಾಟೆಯ ರೈತರ ಜೊತೆ ಸೇರಿ ಕೆಲಸ ಮಾಡಿದವರು. ಇಟಾಟೆ ಸ್ಥಾವರದಿಂದ 40 ಕಿಲೋಮೀಟರ್ ದೂರ, ಎತ್ತರದ ಹಳ್ಳಿ, ಮಾಘದ ಚಳಿಗೆ ನೆಲ ಹೆಪ್ಪುಗಟ್ಟುತ್ತೆ. ಹೆಪ್ಪುಗಟ್ಟಿದ ಪದರ ಹೆಚ್ಚುಕಮ್ಮಿ ಅದೇ 5 ಸೆಂಟಿಮೀಟರ್ ಇತ್ತು. ಯಂತ್ರದ ಬಕೆಟ್ಟನ್ನ ಅಂಚಿಗೆ ಕೊಟ್ಟು ಮೀಟಿದ್ರೆ ಚಪ್ಪಡಿ ಎದ್ದು ಬಂದಹಾಗೆ ಪೂರಾ ಪದರ ಎದ್ದು ಬಂತು, ಒಂದು ಹಿಡಿ ಕೆಳಗಿನ ಮಣ್ಣು ಬೆರೆಯದೆ. ಚೀಲಕ್ಕೆ ತುಂಬಿ ಯಾರಿಗೋ ಕೊಡೋ ಬದಲು ಅದೇ ಗದ್ದೆಯಲ್ಲಿ ಗುಂಡಿ ತೋಡಿ ಹೂತು, ಮೇಲೆ ಒಳ್ಳೆ ಮಣ್ಣು ಹಾಕಿ, ಬತ್ತ ಬೆಳೆದು ತೋರಿಸಿದ್ರು. ಮೇಲೆ ಅರ್ಧ ಮೀಟರ್ ಮಣ್ಣು ಬಿದ್ರೆ ಕಿರಣ ಹೆಚ್ಚುಕಡಿಮೆ ನಿಂತೇ ಹೋಗುತ್ತೆ, ಜೇಡಿ ಹಿಡಿದಿರೋದರಿಂದ ಬಾವಿ ನೀರಿಗೂ ಇಳಿಯಲ್ಲ. ನನಗೆ ಕೇಳಿದ್ರೆ, ಹೆಚ್ಚಿನ ಗದ್ದೆಗಳಿಗೆ ಇದೇ ಸಾಕಾಗಿತ್ತು. ಆದರೆ ಸರ್ಕಾರದ ಟೆಂಡರಿನಲ್ಲಿ ಇದ್ದದ್ದು ಚೀಲ.

— ಟೆಂಡರ್ ಎಲ್ಲಾದ್ರೂ ಒಂದೇ ಬಿಡು. ಆದರೆ ಒಂದು ಮಾತು. ಜೇಡಿ ಹಿಡಿದಿರ್ತದೆ ಅಂತೀಯ, ಮತ್ತೆ ಅಕ್ಕಿಗೆ ಬರಲೇ ಇಲ್ವಾ?

— ಬಂತು. 2011ರ ಅಕ್ಟೋಬರಿನಲ್ಲಿ ಆ ಪ್ರಾಂತ್ಯದ ಗವರ್ನರು ನಮ್ಮ ಅಕ್ಕಿ ಸುರಕ್ಷಿತ ಅಂತ ಘೋಷಣೆ ಮಾಡಿದ್ರು. ನವೆಂಬರಿನಲ್ಲಿ ಫುಕುಶಿಮಾ ನಗರದ ಅಂಚಿನ ಓನಾಮಿ ಅನ್ನೋ ಕಡೆ ಕಿಲೋಗೆ 630 ಬೆಕೆರೆಲ್ ಅಕ್ಕಿ ಸಿಕ್ಕಿತು. ಆಗಿನ ಮಿತಿ 500, ಮುಂದಿನ ವರ್ಷ ಅದನ್ನ 100ಕ್ಕೆ ಇಳಿಸಿದ್ರು. ಯಾಕೆ ಹೀಗಾಯ್ತು ಅಂತ ಹುಡುಕಿಕೊಂಡು ಹೋದ್ರೆ, ಅಕ್ಕಿಗೆ ಸೀಸಿಯಂ ಏರಿದ ಗದ್ದೆಗಳಲ್ಲಿ ಪೊಟ್ಯಾಷ್ ಕಮ್ಮಿ ಇತ್ತು. ಬೇರಿಗೆ ಪೊಟ್ಯಾಷ್ ಸಿಗದೆ ಅದರ ಹೋಲಿಕೆಯ ಸೀಸಿಯಂ ಎತ್ತಿಕೊಂಡಿತ್ತು. 100 ಗ್ರಾಂ ಮಣ್ಣಿಗೆ 25 ಮಿಲಿಗ್ರಾಂ ಪೊಟ್ಯಾಷ್ ಇರೋಹಾಗೆ ನೋಡ್ಕೊಳ್ಳಿ ಅಂತ ರೈತರಿಗೆ ಹೇಳಿದ್ರು, ಗೊಬ್ಬರವನ್ನೂ ಕೊಟ್ರು. ಪ್ರಾಂತ್ಯದ ಎಲ್ಲ ಅಕ್ಕಿ ಚೀಲವನ್ನೂ ಯಂತ್ರದ ಕೆಳಗೆ ಹಾಯಿಸಿದ್ರು. 30 ಕಿಲೋ ಚೀಲ, ವರ್ಷಕ್ಕೆ ಸುಮಾರು ಒಂದು ಕೋಟಿ. 2012ರಲ್ಲಿ ಮಿತಿ ಮೀರಿದ್ದು 71 ಚೀಲ. 2015ರಿಂದ ಒಂದೂ ಇಲ್ಲ.

— ಪೊಟ್ಯಾಷ್ ಮೂಟೆಯೇ ಔಷಧಿ ಅನ್ನು.

— ಅದೇ ಹೇಳ್ತಿದ್ದೆ. ಬೆಳೆಯ ಮಟ್ಟಿಗೆ ಜೇಡಿ ಮತ್ತು ಪೊಟ್ಯಾಷ್ ಮಾಡಿದ ಕೆಲಸವನ್ನ ಜೆಸಿಬಿ ಮಾಡಲಿಲ್ಲ. ಶಾಲೆ ಅಂಗಳ, ಮನೆ ಮುಂದಿನ ಜಾಗ ಕೆರೆದದ್ದು ಸರಿ. ಮಕ್ಕಳು ಆಡೋ ಜಾಗ, ಕಿರಣ ಮೈಗೆ ಬೀಳುತ್ತೆ. ಗದ್ದೆ ಕೆರೆದದ್ದು ಮಾತ್ರ ಸೀಸಿಯಂಗಿಂತ ಜನರ ನಂಬಿಕೆಗಾಗಿ ಅಂತ ನನಗನ್ನಿಸುತ್ತೆ.

— ನಂಬಿಕೆ ಅಂದ್ರೆ ಸಣ್ಣ ಮಾತೇನವ್ವ? ಮೇಲ್ಮಣ್ಣು ಬಿಡ್ತಿರಲಿಲ್ಲ ಅಂತ ಈಗ ನಾನೇ ಅಂದೆ. ಮೊಮ್ಮಗು ಅದೇ ಬದುವಿನ ಮೇಲೆ ಓಡಾಡ್ತದೆ ಅಂದ್ಕೋ, ಆಗ ಏನಂತಿದ್ನೋ. ರೈತನಾಗಿ ಒಂದು ಹೇಳ್ತೀನಿ, ತಾತನಾಗಿ ಇನ್ನೊಂದು. ಇರ್ಲಿ. ಇದನ್ನೆಲ್ಲ ಎಬ್ಬಿಸಿದ ಕಂಪನಿಯವರು ಬಂದು ತೆಗ್ಕೊಂಡು ಹೋಗ್ಬೇಕಲ್ವಾ ಅವರ ವಸ್ತುವನ್ನ?

— ಒಂದು ಗಾಲ್ಫ್ ಮೈದಾನದವರು ಅದನ್ನೇ ಕೇಳಿ ಟೋಕಿಯೋ ಕೋರ್ಟಿಗೆ ಹೋದ್ರು. ಟೆಪ್ಕೊ ಕಂಪನಿಯ ವಕೀಲರು ಏನಂದ್ರು ಗೊತ್ತಾ? ಹೊರಗೆ ಹೋಗಿ ಬಿದ್ದ ಮೇಲೆ ಅದು ನಮ್ಮದಲ್ಲ, ವಾರಸುದಾರರಿಲ್ಲದ ವಸ್ತು. ಯಾರ ನೆಲಕ್ಕೆ ಅಂಟಿದೆಯೋ ಅವರಿಗೆ ಸೇರಿದ್ದು ಅಂತ.

— ಆಹಾ!

— ಕೋರ್ಟು ಆ ವಾದ ಎತ್ತಿಹಿಡೀಲಿಲ್ಲ. ಆದರೆ ಮೈದಾನದವರ ಕೋರಿಕೆಯನ್ನೂ 2011ರ ಅಕ್ಟೋಬರ್ 31ಕ್ಕೆ ವಜಾ ಮಾಡಿತು.

— ನಮ್ಮ ಯಾದಗಿರಿ ಕಡೆ ಗೋಗಿಯಲ್ಲಿ ಯುರೇನಿಯಂ ಸಿಕ್ಕಿದೆ ಅಂತಾರಲ್ಲ. ನಾಳೆ ಅಲ್ಲಿ ಗಣಿ ಮಾಡಿ, ಹೊಲಕ್ಕೆ ಬಿತ್ತು ಅಂದ್ಕೋ. ಆಗಲೂ ಜೇಡಿ ಹಿಡ್ಕೊಳ್ತದಾ?

— ಯುರೇನಿಯಂ ಗುಣವೇ ಬೇರೆ. ಗಾಳಿ ಸಿಕ್ಕಿ, ಸುಣ್ಣದ ಅಂಶ ಇರೋ ನೀರು ಸಿಕ್ರೆ ಕರಗಿ ಬಾವಿ ಕಡೆ ಹೊರಡುತ್ತೆ. ಗಾಳಿ ಇಲ್ಲದ ಕೆಸರಿನಲ್ಲಿ ಗಟ್ಟಿಯಾಗಿ ಕೂರುತ್ತೆ. ಅಮೆರಿಕದ ಕೊಲರಾಡೋದಲ್ಲಿ ರೈಫಲ್ ಅನ್ನೋ ಊರು, ಹಳೇ ಯುರೇನಿಯಂ ಗಿರಣಿ ಇದ್ದ ಜಾಗ. ಅಲ್ಲಿ ನೆಲದೊಳಗಿನ ನೀರಿಗೆ ಅಸಿಟೇಟ್ ಬಿಟ್ರು. ವಿನೆಗರಿನ ಉಪ್ಪು ಅಂತಿಟ್ಕೊಳ್ಳಿ. ಅದನ್ನ ತಿಂದು ಒಂದು ಜಾತಿ ಬ್ಯಾಕ್ಟೀರಿಯಾ ಹೆಚ್ಚಿದವು, ಅವು ಯುರೇನಿಯಂನ್ನ ಕರಗದ ರೂಪಕ್ಕೆ ತಿರುಗಿಸಿದವು. ನೀರಿನಲ್ಲಿ ಕಮ್ಮಿಯಾಯ್ತು. ಮೇವು ನಿಲ್ಲಿಸಿ ಮತ್ತೆ ಆಮ್ಲಜನಕ ಬಂದ್ರೆ ತಿರುಗಿ ಕರಗೋ ಭಯ ಇದ್ದೇ ಇದೆ. ಯುರೇನಿಯಂಗೆ ಅರ್ಧ ಆಗೋಕೆ 450 ಕೋಟಿ ವರ್ಷ ಬೇಕು, ಕಾಯೋ ಮಾತೇ ಇಲ್ಲ. ಅದಕ್ಕೇ ಬಹಳ ಕಡೆ ಅಗೆದು, ಜೇಡಿ ಹಾಸಿದ ಗುಂಡಿಯಲ್ಲಿ ತುಂಬಿ, ಮೇಲೆ ಕಲ್ಲು ಹೇರಿ ಮುಚ್ತಾರೆ.

— ಎಲ್ಲಿ ಹೋದ್ರೂ ಹೂಳೋದೇ.

— ಇಲ್ಲಾಂದ್ರೆ ದೂರ ಕಳಿಸೋದು. 1966ರಲ್ಲಿ ಸ್ಪೇನಿನ ಪಾಲೊಮಾರೆಸ್ ಹಳ್ಳಿಯ ಮೇಲೆ ಅಮೆರಿಕದ ಬಾಂಬರ್ ವಿಮಾನ ಇನ್ನೊಂದು ವಿಮಾನಕ್ಕೆ ಡಿಕ್ಕಿ ಹೊಡೀತು. ಕೆಳಗೆ ಬಿದ್ದ ಬಾಂಬುಗಳಲ್ಲಿ ಎರಡರ ಮದ್ದು ಸಿಡಿದು, ಅಣುಸ್ಫೋಟ ಆಗದೆ, ಪ್ಲುಟೋನಿಯಂ ಮಾತ್ರ ಹೊಲದ ಮೇಲೆ ಹರಡಿತು. ಸೈನಿಕರು ಮಣ್ಣು, ಬೆಳೆ ಎಲ್ಲ ಕೆರೆದು ಐದು ಸಾವಿರದ ಹತ್ತಿರ ಪೀಪಾಯಿ ತುಂಬಿ ಹಡಗಿನಲ್ಲಿ ಸೌತ್ ಕೆರೊಲಿನಾಕ್ಕೆ ಒಯ್ದು ಹೂತ್ರು. ಉಳಿದದ್ದು ಹೊಲದಲ್ಲೇ ಉಳೀತು. ಆ ಜಾಗಕ್ಕೆ ಬೇಲಿ ಹಾಕಿದ್ದಾರೆ.

— ಸರಿ, ಜಪಾನಿನ ಚೀಲಗಳು ಈಗೆಲ್ಲಿ?

— ಸ್ಥಾವರದ ಸುತ್ತಲಿನ ಓಕುಮಾ, ಫುತಾಬಾ ಅನ್ನೋ ಎರಡು ಪಟ್ಟಣಗಳ 1,600 ಹೆಕ್ಟೇರ್ ಜಾಗ ತಗೊಂಡು ಅಲ್ಲಿಗೆ ಸಾಗಿಸಿದ್ರು. ಅದು ಖಾಲಿ ಬಯಲಲ್ಲ ದೊಡ್ಡಪ್ಪ. ಮನೆ, ಗದ್ದೆ, ಗುಡಿ, ಸಮಾಧಿ ಇದ್ದ ಊರು. ಎರಡು ಸಾವಿರಕ್ಕೂ ಹೆಚ್ಚು ಹಿಡುವಳಿದಾರರು. ಅವರನ್ನ ಒಪ್ಪಿಸೋದಕ್ಕೆ ಸರ್ಕಾರ ಮಾತು ಕೊಟ್ಟಿತು, ಬರೀ ಮಾತಲ್ಲ, ಕಾನೂನಿನಲ್ಲೇ ಬರೀತು: ಇದು ಮಧ್ಯಂತರ ಸಂಗ್ರಹ ಮಾತ್ರ, 2045ರ ಮಾರ್ಚ್ ಒಳಗೆ ಫುಕುಶಿಮಾ ಪ್ರಾಂತ್ಯದಿಂದ ಆಚೆಗೆ ಕೊಂಡೊಯ್ದು ವಿಲೇವಾರಿ ಮಾಡ್ತೀವಿ ಅಂತ.

— ಎಲ್ಲಿಗೆ?

— ಜಾಗ ಗೊತ್ತಾಗಿಲ್ಲ. ಮಣ್ಣಿನ ಮುಕ್ಕಾಲು ಪಾಲು ಕಿಲೋಗೆ 8,000 ಬೆಕೆರೆಲ್‌ಗಿಂತ ಕಮ್ಮಿ ಇದೆ. ಅದನ್ನ ರಸ್ತೆ ಏರಿಗೆ, ಕಟ್ಟೆಗೆ ಒಳಗೆ ತುಂಬಿ ಮೇಲೆ ಬೇರೆ ಮಣ್ಣು ಮುಚ್ಚಬಹುದು ಅಂತ ಪರಿಸರ ಇಲಾಖೆ ಹೇಳುತ್ತೆ. ವಿರೋಧಿಗಳು ಕೇಳ್ತಾರೆ, ಬೇರೆ ಅಣುಸ್ಥಾವರ ಕೆಡವಿದಾಗ ಬರೋ ಕಾಂಕ್ರೀಟು, ಕಬ್ಬಿಣಕ್ಕೆ 100 ಬೆಕೆರೆಲ್ ಮಿತಿ ಇಟ್ಟವರು ಇದಕ್ಕೆ ಮಾತ್ರ 8,000 ಯಾಕೆ ಅಂತ. ಇಲಾಖೆಯ ಉತ್ತರ: ಅದು ಯಾರು ಬೇಕಾದ್ರೂ ಹೇಗೆ ಬೇಕಾದ್ರೂ ಬಳಸೋ ವಸ್ತುವಿಗೆ, ಇದು ನಾವು ಮುಚ್ಚಿ, ಕಾಯ್ತಾ ಇರೋ ವಸ್ತುವಿಗೆ. ಲೆಕ್ಕದಲ್ಲಿ ಉತ್ತರ ಸರಿ. ಆದ್ರೂ ಟೋಕಿಯೋದ ಒಂದು ದೊಡ್ಡ ಉದ್ಯಾನದಲ್ಲಿ ಪ್ರಯೋಗಕ್ಕೆ ಹೊರಟಾಗ ಸುತ್ತಲಿನವರು ಬೇಡವೇ ಬೇಡ ಅಂದ್ರು. ಕೊನೆಗೆ 2025ರ ಜುಲೈನಲ್ಲಿ ಪ್ರಧಾನಿ ಕಚೇರಿಯ ಮುಂದಿನ ತೋಟಕ್ಕೇ ಎರಡು ಘನ ಮೀಟರಿನಷ್ಟು ತಂದು ಹಾಕಿದ್ರು, ಜನಕ್ಕೆ ಧೈರ್ಯ ಬರಲಿ ಅಂತ.

— 1.4 ಕೋಟಿಯಲ್ಲಿ ಎರಡು.

— ಹ್ಞೂಂ.

— ನಾನು ನೇರವಾಗೇ ಕೇಳ್ತೀನಿ. ನಮ್ಮೂರ ನಾಲೆ ಏರಿಗೆ ಆ ಮಣ್ಣು ತುಂಬ್ತೀವಿ ಅಂತ ಬಂದ್ರೆ ನೀನು ಒಪ್ತೀಯಾ?

— ಮೇಲೆ ಎಷ್ಟು ದಪ್ಪ ಮಣ್ಣು ಅಂತ ಕೇಳ್ತೀನಿ. ಅಳೆಯೋ ಮೀಟರ್ ಗುತ್ತಿಗೆದಾರನ ಕೈಯಲ್ಲಿ ಇರಬಾರದು, ಪಂಚಾಯ್ತಿಯಲ್ಲಿರಬೇಕು, ಯಾರು ಬೇಕಾದ್ರೂ ತಗೊಂಡು ಹೋಗಿ ಹಿಡಿದು ನೋಡೋ ಹಾಗಿರಬೇಕು. ಏರಿ ಒಡೆದ ದಿನ ಯಾರು ಬಂದು ಕಟ್ತಾರೆ ಅನ್ನೋದು ಮೊದಲೇ ಬರೆದಿರಬೇಕು. ಇಷ್ಟಿದ್ರೆ ಒಪ್ತೀನಿ. ನಿಮ್ಮ ಮೈಯೊಳಗೇ ಈಗ ಪೊಟ್ಯಾಷಿಯಂನಿಂದ ನಾಲ್ಕು ಸಾವಿರ ಬೆಕೆರೆಲ್ ಇದೆ ದೊಡ್ಡಪ್ಪ, ಹುಟ್ಟಿದಾಗಿನಿಂದ. ಅಂಕಿ ಕೇಳಿದ ತಕ್ಷಣ ಹೆದರೋ ಹಾಗಿಲ್ಲ.

— ನಾನೂ ಹೆದರಲ್ಲ ಅಂತಿಟ್ಕೋ. ನಿನ್ನ ಮೀಟರನ್ನೂ ನಂಬಿದೆ. ಆದ್ರೆ ಆ ನಾಲೆ ನೀರಿನಲ್ಲಿ ಬೆಳೆದ ಬತ್ತ ಅಂತ ಗೊತ್ತಾದ ಮೇಲೆ ಮಿಲ್ಲಿನವನು ಕ್ವಿಂಟಾಲಿಗೆ ಏನು ಕೊಡ್ತಾನೆ? ಅವನಿಗೂ ನಿನ್ನ ಮೀಟರ್ ತೋರಿಸ್ಬೇಕಾ?

— ತೋರಿಸ್ಬೇಕು. ಅಲ್ಲೂ ತೋರಿಸಿದ್ರು, ಕೋಟಿ ಚೀಲಕ್ಕೆ ಒಂದೊಂದಕ್ಕೂ ಚೀಟಿ ಅಂಟಿಸಿ.

— ದರ ಬಂತಾ?

— ತಕ್ಷಣಕ್ಕೆ ಬರಲಿಲ್ಲ. ಅಕ್ಕಿ ಒಳ್ಳೇದೇ, ರುಚಿಗೆ ಹೆಸರಾದದ್ದು. ಆದರೂ ಅಂಗಡಿಯ ಚೀಲದ ಮೇಲೆ ಫುಕುಶಿಮಾ ಅಂತ ಹೆಸರು ಹಾಕಿದ್ರೆ ಕೊಳ್ಳೋರು ಕಮ್ಮಿಯಾದ್ರು. ಹೋಟೆಲಿನವರು, ಬುತ್ತಿ ಮಾಡೋರು ಕಮ್ಮಿ ದರಕ್ಕೆ ಕೊಂಡು, ಊರ ಹೆಸರು ಹೇಳದೆ ಬೇಯಿಸಿ ಮಾರಿದ್ರು.